ಇಂಗುಗುಂಡಿ ಸತ್ತರೆ ಮೊದಲು ಬಾವಿಗೆ ಇಣುಕಿ ನೋಡಿ

ಆಟಿ ತಿಂಗಳ (ಜುಲೈ-ಆಗಸ್ಟ್) ಒಂದು ಬೆಳಿಗ್ಗೆ ನಮ್ಮ ಕಕ್ಕಸಿಗೆ ಹೊಯ್ದ ನೀರು ಕೆಳಗೆ ಹೋಗಲಿಲ್ಲ. ಬುಳುಬುಳು ಅಂತ ಸದ್ದು ಮಾಡಿ ಅಲ್ಲೇ ನಿಂತಿತು. ಹಿತ್ತಿಲಿಗೆ ಹೋಗಿ ನೋಡಿದರೆ ಕಕ್ಕಸಿನ ನೀರು ಮಣ್ಣಿಗೆ ಇಂಗುವ ಹೊಂಡದ, ಅಂದರೆ ಇಂಗುಗುಂಡಿಯ ಚಪ್ಪಡಿಯ ಸಂದಿಯಿಂದ ಕಪ್ಪು ನೀರು ಒಸರಿ ಬಾಳೆಬುಡದ ಕಡೆ ಹರಿಯುತ್ತಿತ್ತು. ಹೊರಗೆ ಜಡಿಮಳೆ. ನಮ್ಮದು ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ, ಗುಡ್ಡೆಯ ಬದಿಯ ಮನೆ. ಮೇಲೆ ಮುರಕಲ್ಲು (ಜಂಬಿಟ್ಟಿಗೆ), ಕೆಳಗೆ ಅಡಿಕೆ ತೋಟ, ನಡುವೆ ಬಾವಿ.

ಮೇಸ್ತ್ರಿ ಬಂದು ನೋಡಿದರು. "ಹೊಂಡ ಸತ್ತಿದೆ ಭಾವ. ಪಕ್ಕದಲ್ಲೇ ಇನ್ನೊಂದು ತೋಡಿ ರಿಂಗ್ ಇಳಿಸಿದರೆ ಇಪ್ಪತ್ತು ವರ್ಷ ಚಿಂತೆ ಇಲ್ಲ" ಅಂದರು. ಮಳೆ ನಿಂತ ಮೇಲೆ ಹಾಗೇ ಮಾಡಿಸಿದೆವು. ಹತ್ತಡಿ ಆಳದ ಹೊಂಡ. ಮುಂದಿನ ಆಟಿಗೆ ಅದೂ ತುಂಬಿ ಮೇಲೆ ಬಂತು.

ಮೇಸ್ತ್ರಿಯನ್ನು ಬೈದು ಏನು ಪ್ರಯೋಜನ? ಹಳೆಯದು ಯಾಕೆ ಸತ್ತಿತು ಅಂತ ಅವರು ನೋಡಲಿಲ್ಲ, ನಾನೂ ಕೇಳಲಿಲ್ಲ. ಎರಡನೇ ಸಲ ನೋಡಿ, ಕೇಳಿ, ಅಳತೆ ತೆಗೆದು ಮಾಡಿಸಿದೆ. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಸತ್ತದ್ದು ಯಾವುದು?

ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ನಿಮ್ಮಲ್ಲಿ ನಿಜವಾಗಿ ಸೆಪ್ಟಿಕ್ ಟ್ಯಾಂಕ್ ಇದೆಯಾ? ನಮ್ಮ ಕಡೆ ರಿಂಗ್ ಇಳಿಸಿದ ಒಂದೇ ಹೊಂಡವನ್ನೂ ಜನ ಟ್ಯಾಂಕ್ ಅಂತಲೇ ಕರೆಯುತ್ತಾರೆ. ಟ್ಯಾಂಕ್ ಅಂದರೆ ತಳ, ಗೋಡೆ ಎಲ್ಲ ನೀರು ಸೋರದ ಹಾಗೆ ಕಟ್ಟಿದ ತೊಟ್ಟಿ. ಅದರಲ್ಲಿ ಗಟ್ಟಿ ಭಾಗ ಕೆಳಗೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಮಾತ್ರ 'ಟಿ' ಆಕಾರದ ಪೈಪಿನಿಂದ ಹೊರಗೆ ಹೋಗುತ್ತದೆ. ಆ ನೀರು ನೋಡಲು ಸ್ವಲ್ಪ ತಿಳಿಯಾಗಿದ್ದರೂ ರೋಗಾಣು ಎಲ್ಲ ಹಾಗೇ ಇರುತ್ತದೆ. ಉಳಿದ ಶುದ್ಧಿಯ ಕೆಲಸ ಮಣ್ಣಿನದು. ಟ್ಯಾಂಕೇ ಇಲ್ಲದಿದ್ದರೆ ಇಂಗುಗುಂಡಿ ಮಾತ್ರ ಬದಲಿಸುವುದು ದುಡ್ಡು ನೀರಿಗೆ ಹಾಕಿದ ಹಾಗೆ. ಮೊದಲು ಟ್ಯಾಂಕ್ ಕಟ್ಟಿಸಿ.

ಟ್ಯಾಂಕ್ ಇದ್ದರೆ ಮುಚ್ಚಳ ತೆಗೆಸಿ, ದೂರ ನಿಂತು, ಗಾಳಿಯಾಡಲು ಬಿಟ್ಟು ಆಮೇಲೆ ನೋಡಿ. ನೀರು ಹೊರಹೋಗುವ ಪೈಪಿನ ಕೆಳ ಅಂಚಿಗೆ ಸರಿಯಾಗಿ ನಿಂತಿದ್ದರೆ ಟ್ಯಾಂಕ್, ಗುಂಡಿ ಎರಡೂ ಸರಿ ಇವೆ. ಕಕ್ಕಸಿನಿಂದ ಬರುವ ಪೈಪ್ ಕಟ್ಟಿರಬೇಕು, ಅಷ್ಟೆ. ಪೈಪಿಗಿಂತ ಮೇಲೆ ಬಂದಿದ್ದರೆ ಮುಂದೆ ದಾರಿ ಇಲ್ಲ, ಗುಂಡಿಯೋ ಅದಕ್ಕೆ ಹೋಗುವ ಪೈಪೋ ಕಟ್ಟಿದೆ. ಪೈಪಿಗಿಂತ ಕೆಳಗೆ ಇದ್ದರೆ ಟ್ಯಾಂಕೇ ಸೋರುತ್ತಿದೆ. ಬಾವಿಗೆ ಅಪಾಯ ಜಾಸ್ತಿ ಇರುವುದು ಈ ಮೂರನೆಯದರಲ್ಲಿ. ವಾಸನೆ ಬರುವುದಿಲ್ಲ, ನೀರು ಕಟ್ಟುವುದಿಲ್ಲ, ಹಾಗಾಗಿ ಯಾರಿಗೂ ಗೊತ್ತೇ ಆಗುವುದಿಲ್ಲ.

ನೋಡುವಾಗ ಬಗ್ಗಿ ತಲೆ ಒಳಗೆ ಹಾಕಬೇಡಿ. ಬೆಂಕಿಕಡ್ಡಿ ಗೀರಬೇಡಿ. ಒಳಗೆ ಹತ್ತಿಕೊಳ್ಳುವ ಮೀಥೇನ್ ಇರುತ್ತದೆ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಎರಡನೆಯದು ಜಾಸ್ತಿ ಆದರೆ ಮೂಗಿಗೆ ಆ ವಾಸನೆಯೂ ತಿಳಿಯುವುದಿಲ್ಲ, ಮನುಷ್ಯ ಹಾಗೇ ಕುಸಿಯುತ್ತಾನೆ. ಒಬ್ಬ ಬಿದ್ದ ಅಂತ ಇನ್ನೊಬ್ಬ ಇಳಿದು ಇಬ್ಬರೂ ಹೋದ ಸುದ್ದಿ ಓದಿದ್ದೇವೆ ಅಲ್ವಾ. ಏನೇ ಬಿದ್ದಿರಲಿ, ಯಾರನ್ನೂ ಇಳಿಸಬೇಡಿ. ಕಾನೂನಿನ ಮಾತು ಆಮೇಲೆ ಹೇಳುತ್ತೇನೆ.

ಗುಂಡಿಯೇ ಸತ್ತದ್ದು ಅಂತಾದರೆ ಕಾರಣ ಹುಡುಕಬೇಕು. ಸಾಮಾನ್ಯವಾಗಿ ಸಿಗುವ ಕಾರಣ ಎರಡು. ಒಂದು, ವರ್ಷಾನುಗಟ್ಟಲೆ ಟ್ಯಾಂಕಿನ ಕೆಸರು ತೆಗೆಸದೆ ಅದು ಉಕ್ಕಿ ಗುಂಡಿಗೆ ಹೋಗಿ, ಮಣ್ಣಿನ ಮೇಲೆ ಕಪ್ಪು ಜಿಗುಟು ಪದರ ಕಟ್ಟಿರುವುದು. 'ಟಿ' ಪೈಪ್ ಮುರಿದು ಬಿದ್ದಿದ್ದರೂ ಹೀಗೇ ಆಗುತ್ತದೆ. ಎರಡು, ಗುಂಡಿ ನಿಂತಿರುವುದೇ ನೆಲದೊಳಗಿನ ನೀರಿನಲ್ಲಿ. ಇದನ್ನು ತಿಳಿಯುವುದು ಸುಲಭ. ಮಳೆಗಾಲದಲ್ಲಿ ಗುಂಡಿಯ ನೀರು ತೆಗೆಸಿ ಒಂದು ರಾತ್ರಿ ಕಕ್ಕಸಿಗೆ, ಬಚ್ಚಲಿಗೆ ನೀರು ಬಿಡದೆ ಇರಿ. ಬೆಳಿಗ್ಗೆ ಗುಂಡಿಯಲ್ಲಿ ಮತ್ತೆ ನೀರು ಇದ್ದರೆ ಅದು ನಿಮ್ಮ ಮನೆಯ ನೀರಲ್ಲ. ನಮ್ಮಲ್ಲಿ ಹಾಗೇ ನೀರು ಬಂದಿತ್ತು.

ಅಂಗಡಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಪುಡಿ ಹಾಕಿ ನೋಡಿ ಅಂತ ಒಬ್ಬರು, ಆಸಿಡ್ ಹೊಯ್ಯಿರಿ ಅಂತ ಇನ್ನೊಬ್ಬರು ಹೇಳಿದರು. ನೀರಿನಲ್ಲಿ ಮುಳುಗಿದ ಗುಂಡಿಗೆ ಪುಡಿ ಏನು ಮಾಡೀತು? ಆಸಿಡ್ ಅಂತೂ ಟ್ಯಾಂಕಿನಲ್ಲಿ ಕೆಲಸ ಮಾಡುವ ಸೂಕ್ಷ್ಮಜೀವಿಗಳನ್ನೇ ಕೊಲ್ಲುತ್ತದೆ.

ಬಾವಿಯ ಹಗ್ಗದಲ್ಲಿ ಒಂದು ಗಂಟು

ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬರುತ್ತದೆ, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಎಪ್ರಿಲ್‌ನಲ್ಲಿ ತಳ ಕಾಣುವ ಬಾವಿ ಆಟಿಯಲ್ಲಿ ಕೈಗೆ ಎಟಕುವಷ್ಟು ತುಂಬುತ್ತದೆ. ಬಾವಿಯಲ್ಲಿ ನೀರು ಎಷ್ಟು ಮೇಲೆ ಬಂದಿದೆಯೋ ಸುತ್ತಲಿನ ಮಣ್ಣಿನಲ್ಲೂ ಹೆಚ್ಚುಕಮ್ಮಿ ಅಷ್ಟೇ ಮೇಲೆ ಇರುತ್ತದೆ. ಹೊಂಡ ತೋಡುವುದು ಬೇಸಿಗೆಯಲ್ಲಿ, ಅಳತೆ ತೆಗೆಯಬೇಕಾದ್ದು ಮಳೆಗಾಲದಲ್ಲಿ. ಇದೊಂದು ಗೊತ್ತಿದ್ದರೆ ನನ್ನ ಎರಡನೇ ಹೊಂಡದ ದುಡ್ಡು ಉಳಿಯುತ್ತಿತ್ತು.

ಆದ್ದರಿಂದ ಆಟಿಯಲ್ಲಿ ಮಳೆ ಜೋರಿರುವ ವಾರ ಬಾವಿಯ ಹಗ್ಗ ಇಳಿಸಿ, ನೆಲದ ಮಟ್ಟದಲ್ಲಿ ಒಂದು ಗಂಟು ಹಾಕಿ, ನೀರಿಗೆ ಎಷ್ಟು ಉದ್ದ ಹೋಯಿತು ಅಂತ ಅಳೆಯಿರಿ. ಕಟ್ಟೆಯಿಂದ ಅಳೆಯಬೇಡಿ, ನೆಲದಿಂದ ಅಳೆಯಿರಿ. ನಮ್ಮಲ್ಲಿ ನಾಲ್ಕು ಕೋಲು ಬಂತು. ಕೋಲಿಗೆ 72 ಸೆಂ.ಮೀ. ಲೆಕ್ಕದಲ್ಲಿ ಸುಮಾರು 2.9 ಮೀಟರ್. ನಾವು ತೋಡಿದ್ದು ಹತ್ತಡಿ, ಅಂದರೆ 3 ಮೀಟರ್. ಅಲ್ಲಿಗೆ ಎಲ್ಲ ಅರ್ಥವಾಯಿತು. ನಾವು ಇಂಗುಗುಂಡಿ ಮಾಡಿರಲಿಲ್ಲ, ಕಕ್ಕಸಿಗೆ ಒಂದು ಬಾವಿ ತೋಡಿದ್ದೆವು.

ಇಂಗುಗುಂಡಿಯ ತಳಕ್ಕೂ ಮಳೆಗಾಲದ ನೀರಿನ ಮಟ್ಟಕ್ಕೂ ನಡುವೆ 2 ಮೀಟರಿನಷ್ಟು ಒಣ ಮಣ್ಣು ಬೇಕು. ಗಾಳಿಯಾಡುವ ಆ ಮಣ್ಣಿನಲ್ಲೇ ರೋಗಾಣು ಸಾಯುವುದು. ಅಷ್ಟು ಸಿಗದಿದ್ದರೆ ಆಳ ಮಾಡಬೇಡಿ, ಅಗಲ ಮಾಡಿ. ಹೊಂಡದ ಬದಲು ನೀರು ಇಂಗಿಸುವ, ಜಲ್ಲಿ ತುಂಬಿ ಮುಚ್ಚಿದ ಮೇಲುಮೇಲಿನ ಚರಂಡಿ ಹಾಕಿಸಿ. ನಾನು ಕೊನೆಗೆ ಮಾಡಿಸಿದ್ದು ಅದನ್ನೇ.

ಜಾಗ ಹುಡುಕುವುದು

ಕೇರಳ ಪಂಚಾಯತು ಕಟ್ಟಡ ನಿಯಮ 2019ರ ಪ್ರಕಾರ ಕುಡಿಯುವ ನೀರಿನ ಬಾವಿಯಿಂದ 7.5 ಮೀಟರ್ ಒಳಗೆ ಸೆಪ್ಟಿಕ್ ಟ್ಯಾಂಕ್ ಆಗಲಿ ಇಂಗುಗುಂಡಿ ಆಗಲಿ ಮಾಡುವಂತಿಲ್ಲ. ಜಾಗದ ಗಡಿಯಿಂದ 1.2 ಮೀಟರ್ ಬಿಡಬೇಕು. ಕಾಸರಗೋಡು, ಕಾಞಂಗಾಡು, ನೀಲೇಶ್ವರ ನಗರಸಭೆಗಳಿಗೆ ಅದೇ ವರ್ಷದ ಮುನಿಸಿಪಾಲಿಟಿ ಕಟ್ಟಡ ನಿಯಮ ಇದೆ.

ಬಾವಿ ಅಂದರೆ ನಿಮ್ಮ ಬಾವಿ ಮಾತ್ರ ಅಲ್ಲ. ನಾವು ಮೊದಲು ಗುರುತು ಹಾಕಿದ ಜಾಗಕ್ಕೆ ಪಂಚಾಯತಿನ ಓವರ್ಸಿಯರ್ ಬಂದು ಟೇಪು ಹಿಡಿದರು. ನಮ್ಮ ಬಾವಿಗೆ ಬೇಕಾದಷ್ಟು ದೂರ. ಆಮೇಲೆ ಕಂಪೌಂಡಿನ ಆಚೆ ಇಣುಕಿ, "ಅದು ಯಾರ ಬಾವಿ?" ಅಂದರು. ನೆರೆಮನೆ ಅಕ್ಕನದು. ಗೋಡೆಯ ಮೇಲಿಂದ ಟೇಪು ದಾಟಿಸಿದರೆ 7.2 ಮೀಟರ್! ಒಂದಡಿ ಕಡಿಮೆ. ಅಕ್ಕ ಬಾವಿಕಟ್ಟೆಯ ಹತ್ತಿರ ನಿಂತು ಟೇಪಿನ ಇನ್ನೊಂದು ತುದಿ ಹಿಡಿದಿದ್ದರು. ನನಗೆ ನಾಚಿಕೆಯಾಯಿತು. ಐದು ಸೆಂಟ್ಸ್, ಹತ್ತು ಸೆಂಟ್ಸ್ ಜಾಗದವರಿಗೆ ನಿಜವಾದ ತಲೆನೋವು ಇದೇ. ನಾಲ್ಕು ಕಡೆಯ ಬಾವಿಗಳನ್ನೂ ಒಂದು ಕಾಗದದಲ್ಲಿ ಗುರುತು ಹಾಕಿ, 7.5 ಮೀಟರಿನ ವೃತ್ತ ಎಳೆದು ನೋಡಿ. ಉಳಿದ ಜಾಗದಲ್ಲಿ ಮಾತ್ರ ಯೋಚನೆ ಮಾಡಿ.

7.5 ಮೀಟರ್ ಅನ್ನುವುದು ಕಡಿಮೆಯ ಲೆಕ್ಕ. ಸೆಪ್ಟಿಕ್ ಟ್ಯಾಂಕಿನ ಬಗ್ಗೆ ಭಾರತೀಯ ಮಾನಕ ಐಎಸ್ 2470 ಅಂತ ಇದೆ. ಅದರ ಎರಡನೇ ಭಾಗ ಇಂಗಿಸುವುದರ ಬಗ್ಗೆಯೇ. ಅದು ಬಾವಿಯಿಂದ 18 ಮೀಟರ್, ವಾಸದ ಮನೆಯಿಂದ 6 ಮೀಟರ್ ದೂರ ಹೇಳುತ್ತದೆ. ನನ್ನ ಅಭಿಪ್ರಾಯದಲ್ಲಿ ಜಾಗ ಇರುವವರು 18ನ್ನೇ ಹಿಡಿಯಬೇಕು. ಮುರಕಲ್ಲು ಗಟ್ಟಿ ಕಂಡರೂ ಒಳಗೆ ಜೇನುಗೂಡಿನ ಹಾಗೆ ತೂತು. ಕೆಲವು ಕಡೆ ನೀರು ಮಣ್ಣಿನಲ್ಲಿ ಸೋಸಿ ಹೋಗುವುದಿಲ್ಲ, ಪೈಪಿನಲ್ಲಿ ಹೋದ ಹಾಗೆ ಸೀದಾ ಹೋಗುತ್ತದೆ. ಬಾವಿಗಿಂತ ತಗ್ಗಿನ ಬದಿಯಲ್ಲಿ ಜಾಗ ಸಿಕ್ಕಿದರೆ ಒಳ್ಳೆಯದು.

ಸುರಂಗದ ನೀರು ಕುಡಿಯುವವರು ಇನ್ನೂ ಒಂದು ಹೆಜ್ಜೆ ಮುಂದೆ ಯೋಚಿಸಬೇಕು. ಪೆರ್ಲ, ಬಾಯಾರು, ಪೈವಳಿಕೆ ಕಡೆ ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ ಕೊರೆದ ಸುರಂಗಗಳು ಎಷ್ಟಿಲ್ಲ! ನಿಯಮ ಬಾವಿಯಿಂದ ಅಳೆಯಲು ಹೇಳುತ್ತದೆ. ಸುರಂಗದ ಬಾಯಿಯಿಂದ ಅಳೆದರೆ ನಿಮ್ಮ ಗುಂಡಿ 40 ಮೀಟರ್ ದೂರ ಇರಬಹುದು. ಆದರೆ ಸುರಂಗ ಒಳಗೊಳಗೇ ಬಂದು ಸರೀ ಗುಂಡಿಯ ಅಡಿಯಲ್ಲೇ ಹಾದುಹೋಗಿರಬಹುದು. ಅದು ಯಾವ ದಿಕ್ಕಿಗೆ ಹೋಗಿದೆ, ಎಲ್ಲಿ ತಿರುಗಿದೆ, ಎಲ್ಲಿ ಕವಲಾಗಿದೆ ಅಂತ ಕೊರೆದ ಅಜ್ಜಂದಿರನ್ನೋ ಅವರ ಮಕ್ಕಳನ್ನೋ ಕೇಳಿ, ಮೇಲ್ಗಡೆ ನೆಲದಲ್ಲಿ ಗೂಟ ಹೊಡೆದು ಗುರುತು ಮಾಡಿಕೊಳ್ಳಿ. ಈ ಗುರುತು ಯಾವ ಆಫೀಸಿನ ನಕ್ಷೆಯಲ್ಲೂ ಸಿಗುವುದಿಲ್ಲ.

ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡಲಬದಿಯ ಹೊಯಿಗೆ (ಮರಳು) ಜಾಗದ ಕಥೆಯೇ ಬೇರೆ. ಅಲ್ಲಿ ನೀರು ಬೇಗ ಇಂಗುತ್ತದೆ ಅಂತ ಖುಷಿಪಡಬೇಡಿ. ಬೇಗ ಇಂಗಿದ್ದು ಬೇಗ ಬಾವಿಗೂ ಹೋಗುತ್ತದೆ. ಅಲ್ಲಿ ನೆಲದ ಮೇಲೆ ಮಣ್ಣಿನ ದಿಬ್ಬ ಮಾಡಿ ಅದರೊಳಗೆ ಇಂಗಿಸುವುದು ಕ್ರಮ. ತೀರಕ್ಕೆ ಹತ್ತಿರವಾದರೆ ಕರಾವಳಿ ನಿಯಂತ್ರಣ ವಲಯದ ನಿಯಮವೂ ಬರುತ್ತದೆ.

ಮಣ್ಣು ಎಷ್ಟು ಕುಡಿಯುತ್ತದೆ?

ಈ ಪರೀಕ್ಷೆಗೆ ಎರಡು ದಿನ ಬೇಕು, ದುಡ್ಡು ಬೇಡ. ಇಂಗಿಸಬೇಕಾದ ಆಳದವರೆಗೆ ಒಂದು ಗೇಣಿನಷ್ಟು ಅಗಲದ ಕುಳಿ ತೋಡಿ. ಬದಿಗಳನ್ನು ಕತ್ತಿಯಿಂದ ಗೀರಿ ಒರಟು ಮಾಡಿ, ಸಡಿಲ ಮಣ್ಣು ತೆಗೆದು, ತಳಕ್ಕೆ 5 ಸೆಂ.ಮೀ. ದಪ್ಪ ದೊರಗು ಮರಳು ಹಾಕಿ. 30 ಸೆಂ.ಮೀ. ನೀರು ತುಂಬಿಸಿ ರಾತ್ರಿಯಿಡೀ ನೆನೆಯಲು ಬಿಡಿ. ಒಣಗಿದ ಮಣ್ಣು ಆಸೆಬುರುಕನ ಹಾಗೆ ಕುಡಿಯುತ್ತದೆ, ಅದನ್ನು ನಂಬಬಾರದು.

ಮರುದಿನ ಮರಳಿನ ಮೇಲೆ 15 ಸೆಂ.ಮೀ. ನೀರು ನಿಲ್ಲಿಸಿ ಅರ್ಧ ಗಂಟೆಗೊಮ್ಮೆ ಎಷ್ಟು ಇಳಿಯಿತು ಅಂತ ಸ್ಕೇಲಿನಲ್ಲಿ ನೋಡಿ, ಮತ್ತೆ 15ಕ್ಕೆ ತುಂಬಿಸಿ. ಹೀಗೆ ನಾಲ್ಕು ಗಂಟೆ. ಕೊನೆಯ ಅರ್ಧ ಗಂಟೆಯ ಇಳಿತ ಮಾತ್ರ ಲೆಕ್ಕಕ್ಕೆ. 25 ಮಿ.ಮೀ. ಇಳಿಯಲು ಎಷ್ಟು ನಿಮಿಷ ಅಂತ ಅದರಿಂದ ಗೊತ್ತಾಗುತ್ತದೆ. ನಮ್ಮಲ್ಲಿ ಕೊನೆಯ ಅರ್ಧ ಗಂಟೆಗೆ 30 ಮಿ.ಮೀ. ಇಳಿಯಿತು. ಅಂದರೆ 25 ಮಿ.ಮೀ.ಗೆ 25 ನಿಮಿಷ.

30 ನಿಮಿಷದ ಒಳಗೆ ಬಂದರೆ ಗುಂಡಿಯೂ ಆದೀತು, ಚರಂಡಿಯೂ ಆದೀತು. 30ರಿಂದ 60ರ ನಡುವೆ ಬಂದರೆ ಚರಂಡಿ ಮಾತ್ರ. 60 ಮೀರಿದರೆ ಆ ಮಣ್ಣು ಕುಡಿಯುವುದಿಲ್ಲ, ಬೇರೆ ಜಾಗ ನೋಡಿ. ಮುರಕಲ್ಲಿನ ಕೆಳಗೆ ಬಿಳಿ ಶೇಡಿಮಣ್ಣು ಸಿಕ್ಕಿದರೆ ಸಾಮಾನ್ಯವಾಗಿ ಹೀಗೇ ಆಗುತ್ತದೆ. ಇನ್ನೂ ಆಳಕ್ಕೆ ಹೋದರೆ ಸರಿಯಾದೀತು ಅಂತ ಜೆಸಿಬಿಯವರು ಹೇಳುತ್ತಾರೆ. ಆಗುವುದಿಲ್ಲ.

ಇನ್ನು ಅಳತೆ. 204ನ್ನು ನಿಮಿಷದ ವರ್ಗಮೂಲದಿಂದ ಭಾಗಿಸಿದರೆ ಒಂದು ಚದರ ಮೀಟರ್ ಮಣ್ಣು ದಿನಕ್ಕೆ ಎಷ್ಟು ಲೀಟರ್ ಕುಡಿಯುತ್ತದೆ ಅಂತ ಸಿಗುತ್ತದೆ. 25ರ ವರ್ಗಮೂಲ 5, ಹಾಗಾಗಿ ನಮ್ಮ ಮಣ್ಣು ಸುಮಾರು 41 ಲೀಟರ್. ಮನೆಯಲ್ಲಿ ಐದು ಜನ. ಕಕ್ಕಸು, ಸ್ನಾನ ಸೇರಿ ತಲೆಗೆ 100 ಲೀಟರ್ ಅಂತ ಹಿಡಿದೆ, ದಿನಕ್ಕೆ 500. ಭಾಗಿಸಿದರೆ 12 ಚದರ ಮೀಟರ್ ಚಿಲ್ಲರೆ ಬೇಕು. ಗುಂಡಿಯಾದರೆ ಪೈಪಿನಿಂದ ಕೆಳಗಿನ ಸುತ್ತುಗೋಡೆಯನ್ನು ಮಾತ್ರ ಲೆಕ್ಕ ಹಿಡಿಯಬೇಕು, ಚರಂಡಿಯಾದರೆ ತಳವನ್ನು ಮಾತ್ರ. ನಮಗೆ ಗುಂಡಿಯ ಆಳ ಸಿಗದ ಕಾರಣ 75 ಸೆಂ.ಮೀ. ಅಗಲದ ಎರಡು ಚರಂಡಿ, ತಲಾ 8.2 ಮೀಟರ್ ಉದ್ದ. ಆಳ 80 ಸೆಂ.ಮೀ., ಹಾಗಾಗಿ ಆಟಿಯ ನೀರಿಗೂ ತಳಕ್ಕೂ 2 ಮೀಟರ್ ಅಂತರ ಉಳಿಯಿತು.

ಕೆಲಸ ಮಾಡಿಸುವಾಗ

ಜನವರಿಯಲ್ಲಿ ಮಾಡಿಸಿದೆ. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಜನ ಸಿಗುವುದು ಕಷ್ಟ, ಆದರೂ ನೆಲ ಒಣಗಿರುವಾಗಲೇ ಮಾಡಬೇಕು. ಒದ್ದೆ ಮಣ್ಣಿನಲ್ಲಿ ಜೆಸಿಬಿಯ ಬಕೆಟ್ ಬದಿಗಳನ್ನು ಮೆತ್ತಿ ನುಣ್ಣಗೆ ಮಾಡುತ್ತದೆ, ಆಮೇಲೆ ಅಲ್ಲಿ ನೀರು ಇಳಿಯುವುದಿಲ್ಲ. ಒಣಗಿದ್ದರೂ ತಳವನ್ನು, ಬದಿಯನ್ನು ಹಾರೆಯಿಂದ ಗೀರಿಸಿ.

ಟ್ಯಾಂಕಿನಿಂದ ಬಂದ ಪೈಪ್ ಒಂದು ಸಣ್ಣ ಚೇಂಬರಿಗೆ, ಅಲ್ಲಿಂದ ಎರಡು ಚರಂಡಿಗೆ. ತಳಕ್ಕೆ 20 ಸೆಂ.ಮೀ. ತೊಳೆದ ಜಲ್ಲಿ. ತೊಳೆದ ಅಂತ ಒತ್ತಿ ಹೇಳುತ್ತೇನೆ, ಕ್ರಶರಿನ ಪುಡಿ ಇದ್ದರೆ ಅದೇ ಹೋಗಿ ಮಣ್ಣಿನ ಬಾಯಿ ಮುಚ್ಚುತ್ತದೆ. ಅದರ ಮೇಲೆ ತೂತು ಕೊರೆದ 100 ಮಿ.ಮೀ. ಪಿವಿಸಿ ಪೈಪ್, ಹೆಚ್ಚುಕಮ್ಮಿ ಮಟ್ಟಸವಾಗಿ. ಇಳಿಜಾರು ಜಾಸ್ತಿ ಕೊಟ್ಟರೆ ನೀರೆಲ್ಲ ಕೊನೆಗೆ ಓಡುತ್ತದೆ. ಪೈಪ್ ಮುಚ್ಚುವಷ್ಟು ಮತ್ತೆ ಜಲ್ಲಿ, ಮೇಲೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಅಥವಾ ದಪ್ಪಕ್ಕೆ ಬೈಹುಲ್ಲು, ಆಮೇಲೆ ಮಣ್ಣು. ಎರಡು ಚರಂಡಿಯ ನಡುವೆ 2 ಮೀಟರ್ ಬಿಡಿ. ಮಣ್ಣು ಕೂರುತ್ತದೆ, ಹಾಗಾಗಿ ಸ್ವಲ್ಪ ಉಬ್ಬಿಸಿಯೇ ಮುಚ್ಚಿ. ಗುಡ್ಡೆಯ ಬದಿಯಿಂದ ಬರುವ ಮಳೆನೀರು ಅದರ ಮೇಲೆ ಹರಿಯದ ಹಾಗೆ ಮೇಲ್ಗಡೆ ಒಂದು ಕಣಿ ತೆಗೆಯಿರಿ. ಮಾಡಿನ ನೀರು ಕೂಡ ಅತ್ತ ಬರಬಾರದು. ಹುಲ್ಲು ಬೆಳೆಯಲಿ, ತೆಂಗು ನೆಡಬೇಡಿ. ಜೀಪು, ಕಾರು ನಿಲ್ಲಿಸಬೇಡಿ.

ನಿಮ್ಮ ಜಾಗಕ್ಕೆ ಗುಂಡಿಯೇ ಸರಿ ಅಂತಾದರೆ ಕಲ್ಲು ಕಟ್ಟುವಾಗ ಪೈಪಿನಿಂದ ಕೆಳಗೆ ಸಿಮೆಂಟು ಹಾಕದೆ ಸಂದು ಬಿಡಿಸಿ, ಹೊರಬದಿಗೆ 7.5 ಸೆಂ.ಮೀ. ಜಲ್ಲಿ ತುಂಬಿಸಿ. ಪೈಪಿನಿಂದ ಮೇಲೆ ಗಾರೆ ಹಾಕಿ ಭದ್ರ ಮಾಡಿ.

ಅಡುಗೆಮನೆಯ, ವಾಷಿಂಗ್ ಮಿಷನ್ನಿನ ನೀರನ್ನು ಬೇರೆ ಮಾಡಿ ಬಾಳೆಗೆ ಬಿಟ್ಟೆ. ಅದರಿಂದಲೇ ಅರ್ಧ ಹೊರೆ ಇಳಿಯಿತು.

ಹಳೆಯ ಹೊಂಡಗಳನ್ನು ಚಪ್ಪಡಿ ಮುಚ್ಚಿ ಸುಮ್ನೆ ಬಿಡುವ ಅಭ್ಯಾಸ ಕೆಟ್ಟದ್ದು. ಹತ್ತು ವರ್ಷ ಕಳೆದು ಅಲ್ಲೊಂದು ಹೊಂಡ ಇತ್ತು ಅಂತ ಯಾರಿಗೂ ನೆನಪಿರುವುದಿಲ್ಲ, ದನವೋ ಮಗುವೋ ಕಾಲಿಟ್ಟಾಗ ಚಪ್ಪಡಿ ಕುಸಿಯುತ್ತದೆ. ಒಳಗಿನದ್ದನ್ನು ಪಂಪು ಲಾರಿಯಲ್ಲಿ ತೆಗೆಸಿ, ಸುಣ್ಣ ಹಾಕಿ, ಚಪ್ಪಡಿ ಒಡೆದು, ಕಲ್ಲು ಮಣ್ಣು ತುಂಬಿಸಿ ಮುಚ್ಚಿ.

ಕಾನೂನು, ಪಂಚಾಯತು

ಕೆಲಸಕ್ಕೆ ಮೊದಲು ಪಂಚಾಯತಿನ ಎಂಜಿನಿಯರಿಂಗ್ ವಿಭಾಗಕ್ಕೆ ಹೋಗಿ ಓವರ್ಸಿಯರ್ ಹತ್ತಿರ ಮಾತಾಡಿ. ಬಾವಿಗಳು, ಗಡಿ, ಟ್ಯಾಂಕ್, ಹೊಸ ಗುಂಡಿ, ಇವಿಷ್ಟರ ಅಂತರ ಬರೆದ ಒಂದು ನಕ್ಷೆ ಕೈಯಲ್ಲಿರಲಿ. ಮನೆ ದೊಡ್ಡದು ಮಾಡುತ್ತಿದ್ದರೆ ಪಂಚಾಯತಿನ ಆನ್‌ಲೈನ್ ಸೇವೆಯಾದ ಕೆ-ಸ್ಮಾರ್ಟ್‌ನಲ್ಲಿ ಹಾಕುವ ಪ್ಲಾನಿನಲ್ಲೇ ಇದನ್ನೂ ತೋರಿಸಿ. ಅರ್ಜಿ ಕನ್ನಡದಲ್ಲೇ ಬರೆಯಬಹುದು. ನಮ್ಮ ಕಡೆಯ ಕನ್ನಡಿಗರಿಗೆ 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯೇ ಆ ಹಕ್ಕು ಕೊಟ್ಟಿದೆ. ಮಲಯಾಳದಲ್ಲಿ ಬರೆಸಲು ಇನ್ನೊಬ್ಬರ ಕಾಲು ಹಿಡಿಯಬೇಕಾಗಿಲ್ಲ.

ಟ್ಯಾಂಕಿಗೆ ಜನ ಇಳಿಸುವ ವಿಷಯ. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಪ್ರಕಾರ, ರಕ್ಷಣೆಯ ಸಲಕರಣೆ ಇಲ್ಲದೆ ಯಾರನ್ನಾದರೂ ಸೆಪ್ಟಿಕ್ ಟ್ಯಾಂಕ್ ಸ್ವಚ್ಛ ಮಾಡಲು ಇಳಿಸಿದರೆ ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಂಟ್ರಾಕ್ಟರ್ ಇಳಿಸಿದ್ದು, ನನಗೆ ಗೊತ್ತಿಲ್ಲ ಅಂದರೆ ತಪ್ಪಿಸಿಕೊಂಡೆ ಅಂದುಕೊಳ್ಳಬೇಡಿ. ಒಳಚರಂಡಿಯಲ್ಲಿ ಸತ್ತವರ ಮನೆಯವರಿಗೆ ಕೊಡುವ ಪರಿಹಾರವನ್ನು ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು.

ಪಂಪು ಲಾರಿಯವರನ್ನು ಕರೆಯುವಾಗ ಎಲ್ಲಿ ಸುರಿಯುತ್ತೀರಿ ಅಂತ ಕೇಳಿ. ರಾತ್ರಿ ಮಾತ್ರ ಬರುತ್ತೇವೆ, ರಶೀದಿ ಇಲ್ಲ ಅನ್ನುವವರು ಬೇಡ. ಅದು ಯಾವುದೋ ತೋಡಿಗೆ (ಹಳ್ಳಕ್ಕೆ) ಹೋಗುತ್ತದೆ ಅಂತಲೇ ಲೆಕ್ಕ. ಹೊಳೆಗೆ, ಬಾವಿಗೆ ಕೊಳಕು ಸೇರಿಸುವುದು 1974ರ ಜಲ ಕಾಯ್ದೆಯಲ್ಲಿ ನಿಷಿದ್ಧ. ತುಂಬಿದ ಗುಂಡಿಯಿಂದ ಕದ್ದು ತೋಡಿಗೆ ಪೈಪ್ ಇಡುವುದೂ ಇದರಲ್ಲೇ ಬರುತ್ತದೆ.

ಆದ ಮೇಲೆ

ಗುಂಡಿ ಉಕ್ಕಿದ್ದರೆ ಬಾವಿಯ ನೀರು ಕೆಟ್ಟಿದೆ ಅಂತಲೇ ತಿಳಿಯಿರಿ, ಕುದಿಸಿ ಕುಡಿಯಿರಿ. ಬ್ಲೀಚಿಂಗ್ ಪುಡಿ 1,000 ಲೀಟರಿಗೆ 5 ಗ್ರಾಮ್. 2 ಮೀಟರ್ ಅಗಲದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್, 47 ಗ್ರಾಮ್ ಸಾಕು. ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಕೊಡಪಾನದಲ್ಲಿ ಇಳಿಸಿ ಅಲ್ಲಾಡಿಸಿ, ಒಂದು ಗಂಟೆ ಬಿಡಿ. ಕೆಲಸ ಮುಗಿದು ಒಂದು ಮಳೆಗಾಲ ಕಳೆಯುವಾಗ ನೀರನ್ನು ಕೇರಳ ಜಲ ಪ್ರಾಧಿಕಾರದ ಲ್ಯಾಬಿಗೆ ಕೊಟ್ಟು ಇ. ಕೋಲೈ (ಮಲದಿಂದ ಬರುವ ಬ್ಯಾಕ್ಟೀರಿಯಾ) ಇದೆಯಾ ಅಂತ ನೋಡಿಸಿ. ನೆರೆಯವರ ಬಾವಿಯದ್ದನ್ನೂ ಜತೆಗೆ ಒಯ್ದರೆ ಒಳ್ಳೆಯದು. ನಾನು ಅಕ್ಕನ ಬಾವಿಯದ್ದನ್ನೂ ಒಯ್ದಿದ್ದೆ.

ಟ್ಯಾಂಕಿನ ಕೆಸರು ಎರಡು ಮೂರು ವರ್ಷಕ್ಕೊಮ್ಮೆ ತೆಗೆಸಬೇಕು. ತುಂಬಿದೆಯಾ ಅಂತ ನೋಡಲು ಉದ್ದದ ಬಿದಿರಿನ ಕೋಲಿಗೆ ಹಳೆಯ ಬಿಳಿ ಬೈರಾಸು ಸುತ್ತಿ ತಳದವರೆಗೆ ಇಳಿಸಿ, ಎರಡು ನಿಮಿಷ ಬಿಟ್ಟು ಮೆಲ್ಲ ಎತ್ತಿ. ಕೆಸರಿದ್ದಷ್ಟು ಎತ್ತರಕ್ಕೆ ಬಟ್ಟೆ ಕಪ್ಪಾಗಿರುತ್ತದೆ. ನೀರಿನ ಆಳದ ಮೂರನೇ ಒಂದು ಭಾಗ ಕಪ್ಪಾಗಿದ್ದರೆ ಲಾರಿಗೆ ಫೋನ್ ಮಾಡಿ. ಕೊನೆಯ ಸಲ ತೆಗೆಸಿದ ತಾರೀಕನ್ನು ನಾನು ಬಚ್ಚಲಿನ ಬಾಗಿಲ ಹಿಂದೆ ಪೈಂಟಿನಲ್ಲಿ ಬರೆದಿದ್ದೇನೆ. ಬಂದ ನೆಂಟರು ಇದು ಯಾರ ಜನ್ಮದಿನ ಅಂತ ಕೇಳುತ್ತಾರೆ.